ಯುದ್ಧಕಾಲದ ಸ್ಥಳೀಯ ಇತಿಹಾಸ ಪ್ರದರ್ಶನ: ಸಾರ್ವಜನಿಕರ ಮಾಹಿತಿಗಾಗಿ

ಕದರಮಂಡಲಗಿ, ಮೋಟೆಬೆನ್ನೂರು ಮೊದಲಾದ ಬ್ಯಾಡಗಿ ತಾಲ್ಲೂಕಿನ ಗ್ರಾಮಗಳಲ್ಲಿ ಶಾಲೆ, ಗ್ರಂಥಾಲಯ ಅಥವಾ ಪಂಚಾಯಿತಿ ಕಟ್ಟಡದಲ್ಲಿ ತಮ್ಮ ಭಾಗದ 1939ರಿಂದ 1945ರವರೆಗಿನ ಇತಿಹಾಸವನ್ನು ಪ್ರದರ್ಶಿಸಲು ಇಚ್ಛಿಸುವ ನಾಗರಿಕರು ಹಾಗೂ ಸಂಘ-ಸಂಸ್ಥೆಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಎರಡನೇ ಮಹಾಯುದ್ಧದ ನಡುವೆ, 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಅಂಗೀಕಾರವಾಯಿತು. ಅದರ ಪರಿಣಾಮ ಈ ಭಾಗದಲ್ಲಿ ತೀವ್ರವಾಗಿತ್ತು. 1911ರಲ್ಲಿ ಮೋಟೆಬೆನ್ನೂರಿನಲ್ಲಿ ಜನಿಸಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ವೀರಭದ್ರ ದೇವಸ್ಥಾನದಲ್ಲಿ ಕಾವಲಿನಲ್ಲಿರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಈ ಘಟನೆ ನಡೆಯಿತು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಂದು ಹುತಾತ್ಮರಾದರು. 2018ರಲ್ಲಿ ಅಂಚೆ ಇಲಾಖೆಯು ಮಹಾದೇವಪ್ಪನವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಅಂದಿನ ಆಡಳಿತಕ್ಕೆ ಇದು ಸರ್ಕಾರಿ ಹಣದ ಮೇಲಿನ ದಾಳಿ, ಜನರಿಗೆ ಬಲಿದಾನ. ಪ್ರದರ್ಶನದಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸುವುದು ಉಚಿತ. ಒಂದನ್ನು ಬಿಟ್ಟರೆ ಆ ಮೂವರು ಯಾವ ಅಪಾಯವನ್ನು ಅರಿತು ಅಲ್ಲಿಗೆ ಹೋದರೆಂಬುದು ನೋಡುಗರಿಗೆ ತಿಳಿಯುವುದಿಲ್ಲ. ಸುಳಿವು ನೀಡಿದವರು ಇಂಥವರೆಂದು ಕೇವಲ ಬಾಯಿಮಾತಿನ ಆಧಾರದಿಂದ ಯಾರ ಹೆಸರನ್ನೂ ಫಲಕದಲ್ಲಿ ಬರೆಯತಕ್ಕದ್ದಲ್ಲ. ಅವರ ಮೊಮ್ಮಕ್ಕಳು ಅದೇ ಊರಿನಲ್ಲಿ ವಾಸವಾಗಿರಬಹುದು.

ದಾಖಲೆಗಳು ದೊರೆಯುವ ಸ್ಥಳ

ಅರ್ಜಿದಾರರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. 1943ರಲ್ಲಿ ಈ ಪ್ರದೇಶವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಅರ್ಜಿಯಲ್ಲಿ ಹಾವೇರಿ ಎಂದಷ್ಟೇ ನಮೂದಿಸದೆ ಅಂದಿನ ಜಿಲ್ಲೆ, ತಾಲ್ಲೂಕು, ವರ್ಷ ಹಾಗೂ ವಿಷಯವನ್ನು (ಕಂದಾಯ, ಪೊಲೀಸ್, ಕಾರಾಗೃಹ) ಸ್ಪಷ್ಟವಾಗಿ ಬರೆಯಬೇಕು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯೊಡನೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ ವಿಚಾರಿಸುವುದು ಅವಶ್ಯ.

ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಪಡೆದ ಕುಟುಂಬಗಳಲ್ಲಿ ಕಾರಾಗೃಹದ ಪ್ರಮಾಣಪತ್ರ ಅಥವಾ ಸಹಕೈದಿಗಳ ಪ್ರಮಾಣಪತ್ರದ ಪ್ರತಿ ಇರುವ ಸಂಭವವಿದೆ. ಅನೇಕ ವೇಳೆ ಕಚೇರಿಯ ಕಡತಕ್ಕಿಂತ ಮನೆಯ ಟ್ರಂಕಿನಲ್ಲಿಯೇ ಹೆಚ್ಚು ದೊರೆಯುತ್ತದೆ.

ಮೂಲ ಕಾಗದಗಳ ರಕ್ಷಣೆ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ, ಐತಿಹಾಸಿಕ ಮೌಲ್ಯವುಳ್ಳ ದಾಖಲೆಯು 75 ವರ್ಷ ಪೂರೈಸಿದರೆ ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಒಳಪಡುತ್ತದೆ. ಇತರ ವಸ್ತುಗಳಿಗೆ ಈ ಅವಧಿ 100 ವರ್ಷ. 1943ರ ಕಾಗದಗಳು 2018ರಲ್ಲಿಯೇ ಈ ಅವಧಿಯನ್ನು ಪೂರೈಸಿವೆ. ಇಂಥವುಗಳನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಲ್ಲಿರುವ ಬಂಧುಗಳಿಗೆ ಮೂಲಪ್ರತಿಯನ್ನು ನೀಡುವ ಮುನ್ನ ಇದನ್ನು ಗಮನಿಸತಕ್ಕದ್ದು.

ಪ್ರದರ್ಶನಕ್ಕೆ ನಕಲು ಸಾಕು. ಮೂಲವು ಕುಟುಂಬದಲ್ಲಿಯೇ ಉಳಿಯಲಿ. ಬಳಕೆಗೆ ಲಿಖಿತ ಒಪ್ಪಿಗೆ ಪಡೆಯಬೇಕು. ಅನಿವಾರ್ಯವಾಗಿ ಮೂಲವನ್ನೇ ಇರಿಸುವುದಾದರೆ ಬಿಸಿಲು ತಾಗದಂತೆ, ಸುಮಾರು 50 ಲಕ್ಸ್ ಮೀರದ ಬೆಳಕಿನಲ್ಲಿ, ಅಲ್ಪಾವಧಿಗೆ ಮಾತ್ರ ಇರಿಸಬೇಕು. ಯಾವ ಕಾರಣಕ್ಕೂ ಲ್ಯಾಮಿನೇಷನ್ ಮಾಡಿಸಬಾರದು. ಹಳೆಯ ಕಾಗದಗಳಿಗೆ ಸದುದ್ದೇಶದಿಂದ ಆಗುವ ಹಾನಿಗಳಲ್ಲಿ ಇದೇ ಮುಖ್ಯವಾದುದು. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಧಕ್ಕೆಯಾಗದಂತೆ ಬಿಡಿಸುವುದು ಬಹುತೇಕ ಅಸಾಧ್ಯ.