ಕೀ ಜೇಬಲ್ಲೇ ಉಳಿದರೆ? ಕಂಪ್ಯೂಟರ್ ಬೀಗಗಳ ಕಥೆ

2003ರ ಆಗಸ್ಟ್ 14. ಅಮೆರಿಕದ ಒಹಾಯೊ ರಾಜ್ಯದ ಒಂದು ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮ್. ಮಧ್ಯಾಹ್ನ 2.14ಕ್ಕೆ ಅಲ್ಲಿನ ಅಲಾರಂ ವ್ಯವಸ್ಥೆ ಸದ್ದಿಲ್ಲದೆ ಕೆಟ್ಟಿತು. ಲೈನುಗಳು ಒಂದೊಂದಾಗಿ ಟ್ರಿಪ್ ಆಗುತ್ತಿದ್ದರೂ ಸಿಬ್ಬಂದಿಗೆ ಸುದ್ದಿಯೇ ಇಲ್ಲ. 4 ಗಂಟೆ ದಾಟುತ್ತಿದ್ದಂತೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು.

ಮರಗಳು ತಂತಿಗೆ ತಾಗಿದ್ದೂ ಸೇರಿ ಇದಕ್ಕೆ ಕಾರಣ ಹಲವು. ಆದರೆ ಅಲಾರಂ ಕೆಟ್ಟಿದ್ದು ಸಾಫ್ಟ್‌ವೇರ್ ತಪ್ಪಿನಿಂದ. ಎರಡು ಕೆಲಸಗಳು ಒಂದೇ ಮಾಹಿತಿಯನ್ನು ಒಂದೇ ಕ್ಷಣದಲ್ಲಿ ಬದಲಿಸಲು ಹೋಗಿದ್ದವು. ಅದನ್ನು ಪತ್ತೆ ಹಚ್ಚಲು ವಾರಗಳೇ ಹಿಡಿದವು.

ಹೀಗಾಗದಿರಲಿ ಎಂದೇ ಪ್ರೋಗ್ರಾಂ ಬರೆಯುವವರು 'ಲಾಕ್', ಅಂದರೆ ಬೀಗ, ಬಳಸುತ್ತಾರೆ. ಅಣ್ಣತಮ್ಮಂದಿರ ಪಾಲಿಗೆ ಒಂದೇ ಬೋರ್‌ವೆಲ್ ಇದೆ ಎಂದುಕೊಳ್ಳಿ. ಪಂಪ್‌ಸೆಟ್ ಮನೆಯ ಕೀ ಮೊಳೆಗೆ ನೇತಾಡುತ್ತದೆ. ಕೀ ತೆಗೆದುಕೊಂಡವನು ನೀರು ಹಾಯಿಸುತ್ತಾನೆ, ಉಳಿದವರು ಕಾಯುತ್ತಾರೆ. ಕೆಲಸ ಮುಗಿದ ಮೇಲೆ ಕೀ ಮತ್ತೆ ಮೊಳೆಗೆ. ಒಂದು ದಿನ ಮೋಟರ್ ಸುಟ್ಟಿತು. ಗಾಬರಿಯಲ್ಲಿ ತಮ್ಮ ಕೀಯನ್ನು ಜೇಬಲ್ಲೇ ಇಟ್ಟುಕೊಂಡು ಪೇಟೆಗೆ ಓಡಿದ. ಉಳಿದವರು ಕಾಯುತ್ತಲೇ ಇರಬೇಕು. ಕಂಪ್ಯೂಟರ್ 'ಹ್ಯಾಂಗ್' ಆಗುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರ ತಳದಲ್ಲಿರುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. 1996ರಲ್ಲಿ ಅದರ 2.0 ಆವೃತ್ತಿ, ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರಗಳಲ್ಲೂ ಓಡತೊಡಗಿತು. ಆಗ ಇಡೀ ಮನೆಗೆ ಒಂದೇ ದೊಡ್ಡ ಬೀಗ. ಒಬ್ಬರು ಒಳಗಿದ್ದರೆ ಎಲ್ಲರೂ ಹೊರಗೆ. ವೇಗ ಬೇಕೆಂದು ಕೋಣೆಗೊಂದು ಚಿಕ್ಕ ಬೀಗ ಹಾಕುತ್ತಾ ಬಂದರು. ಹಳೆಯ ದೊಡ್ಡ ಬೀಗವನ್ನು ಪೂರ್ತಿ ಕಿತ್ತುಹಾಕಿದ್ದು 2011ರಲ್ಲಿ.

ಬೀಗ ಹೆಚ್ಚಾದಂತೆ ತಪ್ಪೂ ಹೆಚ್ಚಾಯಿತು. ಓಡಿಸಿ ನೋಡಿದರೆ ಇವು ಸುಲಭಕ್ಕೆ ಸಿಗುವುದಿಲ್ಲ. ಮೋಟರ್ ದಿನಾ ಸುಡುವುದಿಲ್ಲವಲ್ಲ! ಏನೋ ಕೆಟ್ಟಾಗ ಮಾತ್ರ ಕೋಡ್ ಹಿಡಿಯುವ ದಾರಿಯಲ್ಲಿ ಬೀಗ ತೆರೆಯಲು ಮರೆತಿದ್ದರೆ, ಅದು ವರ್ಷಗಟ್ಟಲೆ ಅಡಗಿ ಕೂರಬಹುದು.

ಇದಕ್ಕೆ ಸಿಕ್ಕ ಮದ್ದು ಸ್ಟ್ಯಾಟಿಕ್ ಅನಾಲಿಸಿಸ್. ಪ್ರೋಗ್ರಾಂ ಓಡಿಸದೆ, ಬರೆದದ್ದನ್ನು ಓದಿಯೇ ತಪ್ಪು ಹಿಡಿಯುವ ವಿಧಾನ. ಓದುವುದು ಇನ್ನೊಂದು ಪ್ರೋಗ್ರಾಂ. 1970ರ ದಶಕದಲ್ಲೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 'ಲಿಂಟ್' ಎಂಬ ಇಂಥ ಟೂಲ್ ಮಾಡಿದ್ದರು. ಆದರೆ ಅದು ಬೀಗದ ಲೆಕ್ಕ ಇಡುತ್ತಿರಲಿಲ್ಲ.

2000ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾಸನ್ ಎಂಗ್ಲರ್ ಮತ್ತು ಅವರ ವಿದ್ಯಾರ್ಥಿಗಳು ದಾರಿ ತೋರಿಸಿದರು. 'ಬೀಗ ಹಾಕಿದವನು ಯಾವ ದಾರಿಯಲ್ಲಿ ಹೊರಬಂದರೂ ತೆರೆದೇ ಬರಬೇಕು.' ಇಂಥ ನಿಯಮಗಳನ್ನು ಪುಟ್ಟ ಪ್ರೋಗ್ರಾಂಗಳಾಗಿ ಬರೆದು ಕಂಪೈಲರ್‌ಗೆ ಜೋಡಿಸಿದರು. ಅದು ಪ್ರತಿಯೊಂದು ದಾರಿಯನ್ನೂ ನಡೆದು ನೋಡಿತು. ಬೇರೆ ಬೇರೆ ನಿಯಮಗಳೆಲ್ಲ ಸೇರಿ, ಲಿನಕ್ಸ್, ಓಪನ್‌ಬಿಎಸ್‌ಡಿ ಮುಂತಾದವುಗಳಲ್ಲಿ 500ಕ್ಕೂ ಹೆಚ್ಚು ತಪ್ಪುಗಳು ಸಿಕ್ಕವು.

ಮರುವರ್ಷ ಇನ್ನೊಂದು ಉಪಾಯ. ನಿಯಮ ಯಾರೂ ಹೇಳಿಕೊಡದಿದ್ದರೆ? ಹತ್ತರಲ್ಲಿ ಒಂಬತ್ತು ಕಡೆ ಬೀಗ ಹಾಕಿಯೇ ಒಂದು ಮಾಹಿತಿಯನ್ನು ಮುಟ್ಟಿದ್ದರೆ, ಹಾಕದೆ ಮುಟ್ಟಿದ ಹತ್ತನೆಯ ಜಾಗದ ಮೇಲೆ ಅನುಮಾನ ಪಡು. ಊರಿನ ರೂಢಿ ನೋಡಿ ತಪ್ಪು ಹೇಳಿದ ಹಾಗೆ!

2003ರಲ್ಲಿ ಎಂಗ್ಲರ್ ಮತ್ತು ಕೆನ್ ಆ್ಯಶ್‌ಕ್ರಾಫ್ಟ್ 'ರೇಸರ್‌ಎಕ್ಸ್' ತಂದರು. ಅದು 'ಡೆಡ್‌ಲಾಕ್' ಕೂಡ ಹುಡುಕುತ್ತಿತ್ತು. ಅಂದರೆ ಅಣ್ಣನ ಕೈಯಲ್ಲಿ ಪಂಪ್ ಮನೆ ಕೀ, ತಮ್ಮನ ಕೈಯಲ್ಲಿ ತೋಟದ ಗೇಟ್ ಕೀ. ಇಬ್ಬರಿಗೂ ಎರಡೂ ಬೇಕು, ಇಬ್ಬರೂ ತಮ್ಮದನ್ನು ಬಿಡುವುದಿಲ್ಲ. ಅದೇ ವರ್ಷ ಟೊರ್ವಾಲ್ಡ್ಸ್ ತಾವೇ 'ಸ್ಪಾರ್ಸ್' ಎಂಬ ಟೂಲ್ ಬರೆಯಲು ಶುರು ಮಾಡಿದರು. ಮುಂದೆ ಅದು ಹಾಕಿದ ಬೀಗಕ್ಕೂ ತೆರೆದ ಬೀಗಕ್ಕೂ ತಾಳೆ ನೋಡತೊಡಗಿತು. ಜೂಲಿಯಾ ಲಾವಾಲ್ ಮತ್ತು ಸಂಗಡಿಗರು 'ಕಾಕ್ಸಿನೆಲ್' ಕಟ್ಟಿದರು. ಫ್ರೆಂಚ್‌ನಲ್ಲಿ ಹಾಗೆಂದರೆ ಗುಲಗಂಜಿ ಹುಳ. ಗಿಡದ ಹೇನು ತಿನ್ನುವ ರೈತಮಿತ್ರ ಹುಳವೇ ಅದು. ಹೆಸರು ಚೆನ್ನಾಗಿ ಒಪ್ಪುತ್ತದೆ.

ಈ ಟೂಲ್‌ಗಳು ಸುಳ್ಳು ಎಚ್ಚರಿಕೆಯನ್ನೂ ಕೊಡುತ್ತವೆ. ತಪ್ಪೇ ಇಲ್ಲದ ಕಡೆ ಕೂಗುತ್ತವೆ, ಕೆಲವು ತಪ್ಪುಗಳನ್ನು ಬಿಟ್ಟೂ ಬಿಡುತ್ತವೆ. ಹಾಗಾಗಿ ಕೊನೆಗೆ ಮನುಷ್ಯನೇ ಓದಿ ತೀರ್ಮಾನಿಸಬೇಕು. ಆದರೂ ಲಕ್ಷಾಂತರ ಸಾಲುಗಳಲ್ಲಿ ಎಲ್ಲಿ ನೋಡಬೇಕು ಎಂದು ಬೆರಳು ತೋರಿಸುವುದೇ ದೊಡ್ಡ ಉಪಕಾರ.

ನಿಮ್ಮ ಫೋನಿಗೆ ಆಗಾಗ ಅಪ್‌ಡೇಟ್ ಬರುತ್ತದಲ್ಲ, ಅದರಲ್ಲಿ ಇಂಥ ಬೀಗದ ರಿಪೇರಿಯೂ ಇರಬಹುದು. ನಾವೂ ಡೇಟಾ ಖರ್ಚಾಗುತ್ತದೆ ಎಂದು ಅದನ್ನು ಮುಂದೂಡುತ್ತಿದ್ದವರೇ. ಈ ಕಥೆ ತಿಳಿದ ಮೇಲೆ ಬಿಟ್ಟಿದ್ದೇವೆ.