ಚೂರಿನ ಚೂರು

ಕಲನಶಾಸ್ತ್ರದ ಹೆಸರೆತ್ತಿದೊಡನೆ ತಲೆ ತಗ್ಗಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

1910ರಲ್ಲಿ ಲಂಡನ್ನಿನಲ್ಲಿ ‘ಕ್ಯಾಲ್ಕ್ಯುಲಸ್ ಮೇಡ್ ಈಸಿ’ ಎಂಬ ಪುಸ್ತಕ ಹೊರಬಂದಿತು. ಅದರಲ್ಲಿ ಲೇಖಕರ ಹೆಸರಿರಲಿಲ್ಲ. ರಾಯಲ್ ಸೊಸೈಟಿಯ ಫೆಲೋ ಎಂದು ಸೂಚಿಸುವ ‘ಎಫ್.ಆರ್.ಎಸ್.’ ಮಾತ್ರವಿತ್ತು. ಬರೆದವರು ಭೌತವಿಜ್ಞಾನಿ ಸಿಲ್ವೇನಸ್ ಥಾಂಪ್ಸನ್. 1885ರಿಂದ 1916ರಲ್ಲಿ ತೀರಿಕೊಳ್ಳುವವರೆಗೂ ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರು. ಅವರ ಶಿಷ್ಯರು ಗಣಿತಜ್ಞರಾಗಲು ಹೊರಟವರಲ್ಲ, ಯಂತ್ರ ಮತ್ತು ವಿದ್ಯುತ್ತಿನ ಕೆಲಸ ಕಲಿಯಬಂದವರು.

ಥಾಂಪ್ಸನ್ನರ ಪ್ರಕಾರ ‘ಡಿಎಕ್ಸ್’ ಎಂದರೆ ಎಕ್ಸ್‌ನ ಒಂದು ಚೂರು, ಅಷ್ಟೇ. ಗಂಟೆಯ 60ರಲ್ಲೊಂದು ಪಾಲು ನಿಮಿಷ. ನಿಮಿಷದ 60ರಲ್ಲೊಂದು ಪಾಲು ಸೆಕೆಂಡು, ಅಂದರೆ ಗಂಟೆಯ 3600ರಲ್ಲೊಂದು. ಚೂರಿನ ಚೂರನ್ನು ಕೈಬಿಟ್ಟರೆ ಲೆಕ್ಕ ಕೆಡದು. ಬಾಹು ಎಕ್ಸ್ ಇರುವ ಚೌಕವೊಂದನ್ನು ಬರೆಯಿರಿ. ಬಾಹು ಒಂದು ಚೂರು ಬೆಳೆದರೆ ಎರಡು ಅಂಚುಗಳಲ್ಲಿ ಎಕ್ಸ್‌ನಷ್ಟು ಉದ್ದದ ಎರಡು ಸಪೂರ ಪಟ್ಟಿಗಳು, ಮೂಲೆಯಲ್ಲೊಂದು ಪುಟ್ಟ ಚೌಕ ಸೇರುತ್ತವೆ. ಮೂಲೆಯದು ಚೂರಿನ ಚೂರು, ಬಿಟ್ಟುಬಿಡಿ. ಎಕ್ಸ್‌ನ ವರ್ಗ ಬೆಳೆಯುವ ದರ ಎರಡು ಎಕ್ಸ್ ಏಕೆಂಬುದು ಕಣ್ಣಿಗೇ ಕಾಣುತ್ತದೆ!

ಇದು ಕಟ್ಟುನಿಟ್ಟಾದ ಸಾಧನೆಯಲ್ಲ, ನಿಜ. ಕೋಶಿ, ವಯರ್‌ಸ್ಟ್ರಾಸ್ ಮೊದಲಾದವರು 19ನೆಯ ಶತಮಾನದಲ್ಲೇ ಲಿಮಿಟ್‌ನ ಭದ್ರ ತಳಪಾಯ ಹಾಕಿದ್ದರು. ಆದರೆ ತಳಪಾಯ ತೋರಿಸಿದ ಮೇಲೆಯೇ ಮನೆಯೊಳಗೆ ಕರೆಯಬೇಕೆ?

ನಾನಾದರೋ ವರ್ಷವರ್ಷವೂ ಲಿಮಿಟ್‌ನ ವ್ಯಾಖ್ಯೆಯಿಂದಲೇ ಆರಂಭಿಸಿದೆ. ಅರ್ಥವಾಗದವರನ್ನು ಮಂದಮತಿಗಳೆಂದು ಗದರಿಸಿದ್ದೂ ಉಂಟು. ಈ ಪುಸ್ತಕ ಕೈಗೆ ಬಂದದ್ದು ನಿವೃತ್ತಿಯ ಬಳಿಕ. ಆ ಮೂಲೆಯ ಚೌಕವನ್ನು ನಾನು ನಿಮಗೆ ಕರಿಹಲಗೆಯ ಮೇಲೆ ಒಮ್ಮೆಯೂ ಬರೆದು ತೋರಿಸಲಿಲ್ಲ.