ರೈಲು ಇಂಜಿನಿನ ಪಕ್ಷವೂ ನಮ್ಮ ದಿವೆಯೂ

ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ ಮರಾಠಿ ಪಕ್ಷವೊಂದರ ಚರಿತ್ರೆ ಏತಕ್ಕೆಂದು ವಾಚಕರು ಕೇಳಬಹುದು. ಹೊಟ್ಟೆಪಾಡಿಗೆಂದು ಬಂದು ನಾವು ನೆಲೆನಿಂತ ಊರಿನ ಸಂಗತಿ ನಮಗೆ ಹೊರತಾದುದಲ್ಲ. ಅದರಲ್ಲಿಯೂ ಭಾಷೆಯ ಹೆಸರಿನಲ್ಲಿ ಮತ ಯಾಚಿಸುವ ಪಕ್ಷದ ಏಳುಬೀಳು ಪರಭಾಷಿಕರ ಮನೆಗಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

1966ರ ಜೂನ್ 19ರಂದು ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲೆಯೇ. ಕಚೇರಿಯ ಗುಮಾಸ್ತರು, ಬೆರಳಚ್ಚುಗಾರರು, ಉಡುಪಿ ಹೋಟೆಲಿನವರು, ಎಲ್ಲರೂ ಒಂದೇ ಲೆಕ್ಕಕ್ಕೆ ಸೇರಿದರು. ಮಹಾಜನ ವರದಿಯ ತರುವಾಯ 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಪ್ರಶ್ನೆಗಾಗಿ ಮುಂಬಯಿಯಲ್ಲಿ ನಡೆದ ಗಲಭೆ ನಮ್ಮ ಹಿರಿಯ ತಲೆಮಾರಿಗೆ ಮರೆಯುವಂಥದಾಗಿರಲಿಲ್ಲ. ಆದುದರಿಂದ 2006ರ ಮಾರ್ಚ್ 9ರಂದು ರಾಜ್ ಠಾಕರೆಯವರು ಶಿವಸೇನೆಯಿಂದ ಸಿಡಿದು ಮಹಾರಾಷ್ಟ್ರ ನವನಿರ್ಮಾಣ ಸೇನೆಯನ್ನು ಕಟ್ಟಿದಾಗ ನಮ್ಮವರ ಕಿವಿ ನಿಮಿರಿದುದು ಸಹಜವೇ. ಈ ಸಲದ ಕೋಪವಾದರೋ ಉತ್ತರದವರ ಮೇಲೆ ತಿರುಗಿತು. 2008ರ ಅಕ್ಟೋಬರದಲ್ಲಿ ರೈಲ್ವೆ ನೇಮಕಾತಿಯ ಪರೀಕ್ಷೆಗೆ ಬಂದ ಹುಡುಗರು ಕಾರ್ಯಕರ್ತರ ಕೈಯಲ್ಲಿ ಪೆಟ್ಟು ತಿಂದರು. ಸರದಿ ಎಂಬುದು ತಿರುಗುವಂಥದೆಂದು 1966ನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಮತದ ಬೆಳೆ ಮಾತ್ರ ಚೆನ್ನಾಗಿ ಬಂದಿತು. 2009ರ ವಿಧಾನಸಭೆಯ 288 ಸ್ಥಾನಗಳಲ್ಲಿ 13 ಹೊಸ ಪಕ್ಷಕ್ಕೆ ದೊರೆತವು. ಅವುಗಳಲ್ಲಿ ಒಂದು ನಮ್ಮ ಕಲ್ಯಾಣ ಗ್ರಾಮೀಣ. ಗೆದ್ದವರು ರಮೇಶ ಪಾಟೀಲರು. ಮರುವರ್ಷ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಲ್ಲಿ 27 ಮಂದಿ, 2012ರಲ್ಲಿ ನಾಸಿಕದಲ್ಲಿ 40 ಮಂದಿ ಆರಿಸಿ ಬಂದರು. ಇಂಜಿನು ಇನ್ನು ನಿಲ್ಲದೆಂದು ಬಹಳ ಜನ ನಂಬಿದ ಕಾಲ ಅದು.

ಆದರೆ ನಿಂತಿತು. 2014ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸ್ಥಾನ. 2015ರಲ್ಲಿ ಕಲ್ಯಾಣ-ಡೊಂಬಿವಲಿಯ 27 ಎಂಬುದು 9ಕ್ಕೆ ಇಳಿಯಿತು. ಮುಂಬಯಿಯಲ್ಲಿ 2012ರ 28 ಸ್ಥಾನಗಳು 2017ರಲ್ಲಿ 7 ಆದವು. ಆ ಏಳರಲ್ಲಿ ಆರು ಮಂದಿ ಅದೇ ವರ್ಷ ಶಿವಸೇನೆಯ ಮನೆಗೆ ನಡೆದುಬಿಟ್ಟರು. ಹಳೆಯ ಸೇನೆಯ ಮೇಲೆ ಮುನಿದು ಬಂದ ಮತದಾರನು ಮುನಿಸು ತೀರಿದೊಡನೆ ತವರಿಗೆ ಮರಳಿದನೆಂದು ನಮ್ಮ ಎಣಿಕೆ. ಜೊತೆಗೆ ಪಕ್ಷದ ದಿಕ್ಕೂ ಸ್ಥಿರವಾಗಿರಲಿಲ್ಲ. 2019ರ ಲೋಕಸಭೆಯ ವೇಳೆ ತಾನು ಸ್ಪರ್ಧಿಸದೆಯೇ ಮೋದಿಯವರ ವಿರುದ್ಧ ಊರೂರು ಭಾಷಣ. 2020ರ ಜನವರಿಯಲ್ಲಿ ಬಹುವರ್ಣದ ಬಾವುಟ ಹೋಗಿ ಶಿವಾಜಿ ಮಹಾರಾಜರ ರಾಜಮುದ್ರೆಯ ಕೇಸರಿ ಬಾವುಟ. 2024ರಲ್ಲಿ ಅದೇ ಮೋದಿಯವರಿಗೆ ಷರತ್ತಿಲ್ಲದ ಬೆಂಬಲ. ಹಿಂದೆ ಬರುವವನಿಗೆ ದಾರಿ ತಿಳಿಯುವುದು ಹೇಗೆ?

ಈ ಇಳಿಗಾಲದಲ್ಲಿ ಬೆಳಕು ಕಂಡುದು ನಮ್ಮ ಕಡೆಯಲ್ಲಿಯೇ ಎಂಬುದು ವಿಶೇಷ. ದಿವಾ ಊರಿನ ಪಾಲಿಕೆ ಠಾಣೆಯದು, ವಿಧಾನಸಭೆಯ ಮತ ಕಲ್ಯಾಣ ಗ್ರಾಮೀಣಕ್ಕೆ. ಕೊಂಕಣದ ಗಾಡಿ ಹಿಡಿಯಲು ಅನುಕೂಲವೆಂದು ರತ್ನಾಗಿರಿ, ಸಿಂಧುದುರ್ಗದವರು ಇಲ್ಲಿ ತುಂಬಿದರು. ಬಾಡಿಗೆ ಅಗ್ಗವೆಂದು ನಮ್ಮಂಥವರೂ ಬಂದೆವು. ಬೆಳಗಿನ ಲೋಕಲಿನ ಬಾಗಿಲಲ್ಲಿ ಜೋತುಬೀಳುವವನ ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. 2015ರ ಜನವರಿ 2ರಂದು ದಿವಾ ನಿಲ್ದಾಣದಲ್ಲಿ ಪ್ರಯಾಣಿಕರ ಸಹನೆ ಕಟ್ಟೆಯೊಡೆದು ಗಾಡಿಗಳೇ ನಿಂತವು. ವೇಗದ ಲೋಕಲು ಇಲ್ಲಿ ನಿಲ್ಲತೊಡಗಿದುದು 2016ರ ಡಿಸೆಂಬರದಲ್ಲಿ. ನೀರು, ಕಸದ ರಾಶಿ, ಶೀಳ್ ರಸ್ತೆಯ ವಾಹನಗಳ ಜಂಗುಳಿ, ಇವನ್ನು ಹಿಡಿದು ಮಾತಾಡಿದ ರಾಜು ಪಾಟೀಲರು 2019ರಲ್ಲಿ ಸುಮಾರು 7 ಸಾವಿರ ಮತಗಳಿಂದ ಗೆದ್ದು, ಪಕ್ಷದ ಏಕೈಕ ಶಾಸಕರಾಗಿ ಐದು ವರ್ಷ ಕುಳಿತರು. ಭಾಷೆಗಿಂತ ಬೀದಿಯ ತೊಂದರೆಯೇ ಅವರಿಗೆ ಹೆಚ್ಚು ಮತ ತಂದಿತೆಂದು ನಾವು ತಿಳಿಯುತ್ತೇವೆ.

2024ರಲ್ಲಿ ಅದೂ ಸಾಲಲಿಲ್ಲ. ಶಿಂದೆಯವರ ಶಿವಸೇನೆಯ ರಾಜೇಶ ಮೋರೆಯವರು 66 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ನವನಿರ್ಮಾಣ ಸೇನೆಗೆ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ. 2009ರಲ್ಲಿ ನೂರಕ್ಕೆ 5.7ರಷ್ಟಿದ್ದ ಮತ 1.55ಕ್ಕೆ ಇಳಿದಿತ್ತು.

ಇದನ್ನು ಕಂಡು ನಗುವ ಮೊದಲು ನಮ್ಮ ನಾಡಿನ ಕಡೆಗೂ ನೋಡಬೇಕು. ಕನ್ನಡ ಚಳವಳಿಯ ವಾಟಾಳ್ ನಾಗರಾಜರ ಕೂಗಿಗೆ ರಾಜ್ಯವೇ ಬಂದ್ ಆದದ್ದುಂಟು. ಆದರೆ ಅವರ ಪಕ್ಷ ಚಾಮರಾಜನಗರದಾಚೆ ಬೇರು ಬಿಡಲಿಲ್ಲ, 2004ರ ನಂತರ ಅಲ್ಲಿಯೂ ಗೆಲ್ಲಲಿಲ್ಲ. ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿಗೆ 2013ರಲ್ಲಿ ಎರಡು ಸ್ಥಾನವಿದ್ದವು. 2018ರಲ್ಲಿ, 2023ರಲ್ಲಿ ಸೊನ್ನೆ. ಅಲ್ಲಿನ ಮರಾಠಿಗನು ಮರಾಠಿಯನ್ನೇನೂ ಬಿಟ್ಟಿಲ್ಲ, ಮತವನ್ನು ಮಾತ್ರ ಬೇರೆಡೆಗೆ ಕೊಟ್ಟಿದ್ದಾನೆ.

ಪಕ್ಷವನ್ನು ಮತ್ತೆ ಎಬ್ಬಿಸಲು ರಾಜ್ ಠಾಕರೆಯವರು ಹಳೆಯ ಅಸ್ತ್ರವನ್ನೇ ಹುಡುಕಿದರು. ಒಂದನೆಯ ತರಗತಿಯಿಂದ ಹಿಂದಿ ಎಂಬ ಸರ್ಕಾರದ ಆಜ್ಞೆಯನ್ನು ಎದುರಿಸಿ, ಅದು ಹಿಂದೆ ಸರಿದ ಮೇಲೆ 2025ರ ಜುಲೈ 5ರಂದು ವರಳಿಯಲ್ಲಿ ಉದ್ಧವ್ ಠಾಕರೆಯವರೊಡನೆ ಒಂದೇ ವೇದಿಕೆ ಏರಿದರು. ಹಿಂದಿಯ ವಿಷಯದಲ್ಲಿ ನಮ್ಮಲ್ಲಿ ಅನೇಕರು ಮನಸ್ಸಿನಲ್ಲೇ ತಲೆದೂಗಿದುದುಂಟು. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತು ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಬೇಕಾದವರಿಗೆ ಭಾಷೆಯ ಭಾರ ಎಷ್ಟೆಂದು ಗೊತ್ತು. ಡಿಸೆಂಬರದಲ್ಲಿ ಇಬ್ಬರ ಮೈತ್ರಿಯೂ ಆಯಿತು. 2026ರ ಜನವರಿಯಲ್ಲಿ ಕಲ್ಯಾಣ-ಡೊಂಬಿವಲಿಯ 122 ಸ್ಥಾನಗಳಲ್ಲಿ ನವನಿರ್ಮಾಣ ಸೇನೆಗೆ ಬಂದದ್ದು 5. ಫಲಿತಾಂಶದ ಬಿಸಿ ಆರುವ ಮೊದಲೇ, ಅಲ್ಲಿಯ ಆ ಪಕ್ಷದವರು ಶಿಂದೆಯವರ ಸೇನೆಗೆ ಬೆಂಬಲ ಸಾರಿದರು.